ನಿರ್ವಾತದಲ್ಲಿ ಮಲ್ಟಿಪ್ಯಾಕ್ಟರ್: ಅನಿಲವಿಲ್ಲದೆ ಎಲೆಕ್ಟ್ರಾನುಗಳು ಹೆಚ್ಚುವುದು ಹೇಗೆ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿನಿ, ದಾವಣಗೆರೆ):
ಉಪಗ್ರಹಗಳಲ್ಲಿ ಬಳಸುವಂಥ 1 ಗಿಗಾಹರ್ಟ್ಸ್ ಫಿಲ್ಟರನ್ನು ನನ್ನ ಪ್ರಾಜೆಕ್ಟಿಗಾಗಿ ವಿನ್ಯಾಸಗೊಳಿಸುತ್ತಿದ್ದೇನೆ. ಬೆಳ್ಳಿ ಲೇಪಿಸಿದ ಎರಡು ಮೇಲ್ಮೈಗಳ ನಡುವೆ 1 ಮಿ.ಮೀ. ಅಂತರವಿದ್ದು, ಅಲ್ಲಿನ ಗರಿಷ್ಠ ವೋಲ್ಟೇಜ್ ಸುಮಾರು 70 ಇದೆ. ಗಾಳಿಯಲ್ಲಿ ಏನೂ ಆಗದ ಈ ವೋಲ್ಟೇಜು ನಿರ್ವಾತದಲ್ಲಿ ಅಪಾಯಕಾರಿಯೆಂದು ನಮ್ಮ ಗೈಡ್ ಹೇಳುತ್ತಾರೆ. ಅಯಾನೀಕರಣಕ್ಕೆ ಅನಿಲವೇ ಇಲ್ಲದಿರುವಾಗ ಎಲೆಕ್ಟ್ರಾನುಗಳು ಹೆಚ್ಚುವುದು ಎಲ್ಲಿಂದ?

ಉತ್ತರ (ನಿವೃತ್ತ ಸಬ್‌ಸ್ಟೇಷನ್ ಎಂಜಿನಿಯರ್, ಚಿತ್ರದುರ್ಗ):
ಒಳಗೆ ಅಲ್ಪಸ್ವಲ್ಪ ಅನಿಲ ಉಳಿದು ಕರೋನಾ (ಅನಿಲ ಅಯಾನೀಕರಣಗೊಂಡು ಆಗುವ ವಿದ್ಯುತ್ ವಿಸರ್ಜನೆ) ಉಂಟಾಗುತ್ತಿರಬಹುದಮ್ಮ. ಅಂತರವನ್ನು ಹೆಚ್ಚಿಸಿ ನೋಡಿ.

ಉತ್ತರ (ಮೈಕ್ರೋವೇವ್ ಎಂಜಿನಿಯರ್, ಮೂಲ ಊರು ಚಳ್ಳಕೆರೆ):
ಹಿರಿಯರ ಸಲಹೆ ಸರಿ, ಆದರೆ ಕಾರಣ ಬೇರೆ. ಒತ್ತಡವು 10⁻⁵ ಮಿಲಿಬಾರಿಗೆ ಇಳಿದಾಗ ಎಲೆಕ್ಟ್ರಾನು ಅನಿಲದ ಅಣುವಿಗೆ ತಾಗುವ ಮೊದಲು ಸರಾಸರಿ ಹಲವು ಮೀಟರ್ ಸಾಗಬಲ್ಲದಾದ್ದರಿಂದ, 1 ಮಿ.ಮೀ. ಅಂತರದಲ್ಲಿ ಅನಿಲಕ್ಕೆ ಪಾತ್ರವೇ ಇಲ್ಲ. ಹೊಸ ಎಲೆಕ್ಟ್ರಾನುಗಳನ್ನು ಕೊಡುವುದು ಲೋಹದ ಮೇಲ್ಮೈ. 1 ಗಿಗಾಹರ್ಟ್ಸ್‌ನಲ್ಲಿ ಅರ್ಧ ಆವರ್ತಕ್ಕೆ 0.5 ನ್ಯಾನೋಸೆಕೆಂಡ್, ಸರಿಯಾದ ಗಳಿಗೆಯಲ್ಲಿ ಹೊರಟ ಎಲೆಕ್ಟ್ರಾನು ಅಷ್ಟರೊಳಗೆ ಎದುರಿನ ಗೋಡೆಯನ್ನು ಮುಟ್ಟಿದರೆ, ಕ್ಷೇತ್ರದ ದಿಕ್ಕು ಆಗಷ್ಟೇ ತಿರುಗಿರುವುದರಿಂದ, ಅಲ್ಲಿಂದ ಚಿಮ್ಮಿದ ದ್ವಿತೀಯಕ ಎಲೆಕ್ಟ್ರಾನುಗಳು ಮರಳಿ ಮೊದಲ ಗೋಡೆಯತ್ತ ಓಡುತ್ತವೆ. ನಿಮ್ಮ ಅಂತರಕ್ಕೆ ಈ ಹೊಂದಾಣಿಕೆ ಸುಮಾರು 70 ವೋಲ್ಟಿನಲ್ಲಿ ಒದಗುತ್ತದೆ. ಆಗ ಅಪ್ಪಳಿಸುವ ಶಕ್ತಿ ಸುಮಾರು 45 ಎಲೆಕ್ಟ್ರಾನ್ ವೋಲ್ಟ್. ಬೆಳ್ಳಿಯಲ್ಲಿ ಸುಮಾರು 30ನ್ನು ದಾಟಿದರೆ ಒಂದಕ್ಕೆ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನು ಹೊರಬರುತ್ತವೆ, ಹೀಗಾಗಿ ಪ್ರತಿ ಓಟಕ್ಕೂ ಸಂಖ್ಯೆ ಏರುತ್ತದೆ. ಇದನ್ನೇ ಮಲ್ಟಿಪ್ಯಾಕ್ಟರ್ ಎನ್ನುತ್ತಾರೆ. (1930ರ ದಶಕದಲ್ಲಿ ಫೈಲೋ ಫಾರ್ನ್ಸ್‌ವರ್ತ್ ಇದನ್ನೇ ಎಲೆಕ್ಟ್ರಾನುಗಳನ್ನು ವರ್ಧಿಸಲು ಬೇಕೆಂದೇ ಬಳಸಿದ್ದರು.)

ಅಂತರವನ್ನು ಇಮ್ಮಡಿಗೊಳಿಸಿದರೆ ಈ ವೋಲ್ಟೇಜು ನಾಲ್ಕು ಪಟ್ಟಾಗುತ್ತದೆ. ಆ ಇಮ್ಮಡಿ ಅಂತರವನ್ನು ಎಲೆಕ್ಟ್ರಾನು ಮೂರು ಅರ್ಧಾವರ್ತಗಳಲ್ಲಿ ದಾಟುವ ಓಟ ಸುಮಾರು 95 ವೋಲ್ಟಿನಲ್ಲೇ ಕೂಡಿಬಂದರೂ, ಆಗಿನ ಹೊಡೆತ 20 ಎಲೆಕ್ಟ್ರಾನ್ ವೋಲ್ಟಿನಷ್ಟೇ ಇರುವುದರಿಂದ ಸಂಖ್ಯೆ ಬೆಳೆಯದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಅಂತರವನ್ನು ಬದಲಿಸಿದರೆ ಫಿಲ್ಟರಿನ ಆವರ್ತಾಂಕವೇ ಸರಿಯುತ್ತದೆ. ಲೇಪನದಿಂದ ತಡೆಯಲು ಸಾಧ್ಯವೇ?

ಉತ್ತರ (ಮೈಕ್ರೋವೇವ್ ಎಂಜಿನಿಯರ್):
ಟೈಟಾನಿಯಂ ನೈಟ್ರೈಡ್ ಲೇಪನವು ದ್ವಿತೀಯಕ ಎಲೆಕ್ಟ್ರಾನುಗಳನ್ನು ತಗ್ಗಿಸುತ್ತದೆ, ಆದರೆ ಅದು ಬೆಳ್ಳಿಯಷ್ಟು ಒಳ್ಳೆಯ ವಾಹಕವಲ್ಲ. ಪದರ ದಪ್ಪವಾದರೆ ನಷ್ಟ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಸಣ್ಣ ತೋಡುಗಳನ್ನು ಕೊರೆದು ಎಲೆಕ್ಟ್ರಾನುಗಳನ್ನು ಅಲ್ಲೇ ಸಿಕ್ಕಿಸುವ ವಿಧಾನವೂ ಇದೆ. ಯಾವುದನ್ನು ಆರಿಸಿದರೂ ಜೋಡಿಸುವಾಗ ಕೈಗವಸು ತೊಡಿ, ಬೆರಳಿನ ಜಿಡ್ಡೂ ಈ ಹೊಮ್ಮುವಿಕೆಯನ್ನು ಹೆಚ್ಚಿಸಬಲ್ಲದು.