ನಮ್ಮ ಆರ್ಕೆಸ್ಟ್ರಾಗೆ ಆಕ್ಟಿವ್ ಸ್ಪೀಕರ್ ತಗೊಳ್ಳೋದಾ, ಪ್ಯಾಸಿವ್ ತಗೊಳ್ಳೋದಾ?

ರಿದಂಪ್ಯಾಡ್_ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆ ನಮ್ಮದೊಂದು ಏಳು ಜನರ ಆರ್ಕೆಸ್ಟ್ರಾ ಇದೆ. ಇಬ್ಬರು ಗಾಯಕರು, ಕೀಬೋರ್ಡ್, ಲೀಡ್, ಬೇಸ್ ಗಿಟಾರ್, ಡ್ರಮ್ಸ್, ನಾನು ರಿದಂ ಪ್ಯಾಡ್. ಮದುವೆ ರಿಸೆಪ್ಷನ್ ಜಾಸ್ತಿ, ಅಂದರೆ ಮುನ್ನೂರರಿಂದ ಐನೂರು ಜನ ಹಿಡಿಸುವ ಛತ್ರಗಳು. ಗಣೇಶನ ಸೀಸನ್, ನವೆಂಬರ್‌ನ ರಾಜ್ಯೋತ್ಸವ, ಊರ ಜಾತ್ರೆ, ಇವೆಲ್ಲ ಬಯಲಲ್ಲಿ.

ಇಲ್ಲಿವರೆಗೆ ಸೌಂಡ್ ಬಾಡಿಗೆಗೆ ತರುತ್ತಿದ್ದೇವೆ. ಸೀಸನ್ ಬಂತೆಂದರೆ ಒಳ್ಳೆ ಸೆಟ್ಟು ದೊಡ್ಡ ಪಾರ್ಟಿಗೆ ಹೋಗುತ್ತದೆ, ನಮಗೆ ಉಳಿದ ಡಬ್ಬಗಳು ಬರುತ್ತವೆ, ಗಾಯಕಿ ‘ನನ್ನ ದನಿ ನನಗೇ ಕೇಳಿಸ್ತಿಲ್ಲ’ ಅಂತ ಸ್ಟೇಜ್ ಮೇಲೇ ಮುಖ ಗಂಟಿಕ್ಕುತ್ತಾರೆ. ಹಾಗಾಗಿ ಸ್ವಂತದ್ದು ಮಾಡಿಕೊಳ್ಳೋಣ ಅಂತ. ಎಲ್ಲರೂ ಸೇರಿ ಎರಡೂವರೆ ಲಕ್ಷ ಹಾಕುತ್ತೇವೆ. 16 ಚಾನೆಲ್ ಮಿಕ್ಸರ್ ಇದೆ. ಸಾಗಿಸಲು ಒಂದು ಟಾಟಾ ಏಸ್.

ಅಂಗಡಿಯವರು ‘ಈಗೆಲ್ಲ ಆಕ್ಟಿವ್, ಪ್ಲಗ್ ಹಾಕಿ ಹಾಡಿ ಅಷ್ಟೇ’ ಅನ್ನುತ್ತಾರೆ, ಅಂದರೆ ಆಂಪ್ಲಿಫೈಯರ್ ಬಾಕ್ಸ್ ಒಳಗೇ ಇರುವಂಥದ್ದು. ನಮ್ಮ ಬೇಸ್ ಗಿಟಾರ್ ಹುಡುಗನ ಮಾವ ಹಳೇ ಮೈಕ್‌ಸೆಟ್ ಕೈ, ಅವರದು ಪ್ಯಾಸಿವ್ ಕಡೆ, ‘ಆಂಪ್ ಬೇರೆ ಇರಬೇಕು, ಬಾಕ್ಸ್ ಬೇರೆ ಇರಬೇಕು, ಒಂದು ಹೋದರೆ ಇನ್ನೊಂದು ಉಳಿಯುತ್ತೆ’ ಅನ್ನುತ್ತಾರೆ. ಎರಡೂ ಸರಿ ಅನ್ನಿಸುತ್ತದೆ. ಏನು ಮಾಡೋಣ?

ಫೇಡರ್_ಮೇಲಿನ_ಬೆರಳು

ಛತ್ರದ ಕೆಲಸ ಜಾಸ್ತಿ ಅಂದಮೇಲೆ ಆಕ್ಟಿವ್ ತಗೊಳ್ಳಿ, ಯೋಚನೆ ಬೇಡ. ಒಳಗೆ ಸಾಮಾನ್ಯವಾಗಿ ವೂಫರ್‌ಗೆ (ಕೆಳಗಿನ ದನಿ ಕೊಡುವುದು) ಒಂದು ಆಂಪ್, ಹಾರ್ನ್‌ಗೆ (ಮೇಲಿನ ದನಿ ಕೊಡುವುದು) ಒಂದು ಆಂಪ್ ಇರುತ್ತದೆ. ದನಿಯನ್ನು ಇವೆರಡಕ್ಕೆ ಹಂಚುವ ಕ್ರಾಸ್‌ಓವರ್, ಮಿತಿ ಮೀರದಂತೆ ತಡೆಯುವ ಲಿಮಿಟರ್ ಎಲ್ಲ ಆ ವೂಫರ್, ಹಾರ್ನ್‌ಗೆ ತಕ್ಕಂತೆ ಕಂಪನಿಯವರೇ ಕೂರಿಸಿ ಕೊಟ್ಟಿರುತ್ತಾರೆ. ಗಾಯಕರು ಮೈಕ್ ಕೆಳಗೆ ಬೀಳಿಸಿ ‘ಢಬ್’ ಅಂದರೂ ಲಿಮಿಟರ್ ಹಿಡಿದುಕೊಳ್ಳುತ್ತದೆ. ಪ್ಯಾಸಿವ್‌ನಲ್ಲಿ ಇದನ್ನೆಲ್ಲ ನೀವೇ ಹೊಂದಿಸಬೇಕು, ಇಲ್ಲವಾದರೆ ಮೊದಲು ಸುಡುವುದು ಹಾರ್ನ್ ಡಯಾಫ್ರಮ್, ಅಂದರೆ ಅದರೊಳಗೆ ಕಂಪಿಸುವ ತೆಳು ಪೊರೆ.

ಆದರೆ ಡಬ್ಬದ ಮೇಲೆ ಬರೆದ ವ್ಯಾಟ್ ನೋಡಿ ದುಡ್ಡು ಕೊಡಬೇಡಿ. 2000 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇದ್ದರೆ ಅದು ಸಾಮಾನ್ಯವಾಗಿ ಪೀಕ್. ಒಂದೇ ಸಮ ಕೊಡುವ ಆರ್‌ಎಂಎಸ್ ಎಷ್ಟೋ ಕಡೆ ಅದರ ಅರ್ಧ ಇಲ್ಲವೇ ಕಾಲು ಭಾಗ. ವ್ಯಾಟ್ ದುಪ್ಪಟ್ಟು ಮಾಡಿದರೆ ಶಬ್ದ ಏರುವುದು ಬರೀ 3 ಡೆಸಿಬೆಲ್, ಜನ ‘ಸ್ವಲ್ಪ ಜಾಸ್ತಿ ಆಯ್ತಲ್ಲ’ ಅಂದಾರು ಅಷ್ಟೇ. ದೂರ ದುಪ್ಪಟ್ಟಾದರೆ ಬಯಲಲ್ಲಿ 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 1 ವ್ಯಾಟ್‌ನಿಂದ 1000 ವ್ಯಾಟ್‌ಗೆ ಏರಿಸಿ ಗಳಿಸಿದ 30 ಡೆಸಿಬೆಲ್ ಅಷ್ಟನ್ನೂ, ಬಾಕ್ಸ್‌ನಿಂದ 1 ಮೀಟರ್ ದೂರದಲ್ಲಿದ್ದವರು 32 ಮೀಟರ್‌ಗೆ ಹೋದರೆ ಬಯಲು ತಿಂದುಹಾಕುತ್ತದೆ. ಛತ್ರದಲ್ಲಿ ಗೋಡೆ, ಸೀಲಿಂಗ್ ಇರುವುದರಿಂದ ಇಷ್ಟು ಕೆಡುವುದಿಲ್ಲ. ಅಲ್ಲಿಯ ತೊಂದರೆ ಮಾರ್ದನಿ, ಅದಕ್ಕೆ ಹೆಚ್ಚು ವ್ಯಾಟ್ ಮದ್ದಲ್ಲ. ಬಾಕ್ಸ್ ಅನ್ನು ಸ್ಟ್ಯಾಂಡ್ ಮೇಲೆ ತಲೆಗಿಂತ ಎತ್ತರ ಏರಿಸಿ, ಮುಖ ಜನರ ಕಡೆ ಬಗ್ಗಿಸಿ.

ಲೈಟು_ಸೌಂಡು

ಮೇಲಿನವರು ಹೇಳಿದ್ದು ಅಂಗಡಿಯಲ್ಲಿ ಸರಿ. ಜಾತ್ರೆಯಲ್ಲಿ ನೋಡಬೇಕಾದ್ದು ಕರೆಂಟ್ ಎಲ್ಲಿಂದ ಬರುತ್ತಿದೆ ಅನ್ನುವುದು.

ನಾನು ಬಾಡಿಗೆಗೆ ಸೌಂಡ್ ಕೊಡುವವನು, ನನ್ನ ಹತ್ತಿರ ಎರಡೂ ಇವೆ. ಒಂದು ಜಾತ್ರೆಯಲ್ಲಿ ತ್ರೀ ಫೇಸ್ ಲೈನ್ ಎಳೆದಿದ್ದರು, ಜಂಕ್ಷನ್‌ನಲ್ಲಿ ನ್ಯೂಟ್ರಲ್ ಸಡಿಲ. ಎರಡನೇ ಹಾಡಿಗೆ ಸ್ಟೇಜಿನ ಹ್ಯಾಲೊಜನ್ ಒಂದು ಕಡೆ ಬೆಳ್ಳಗೆ ಕಣ್ಣು ಕುಕ್ಕುವ ಹಾಗೆ ಉರಿಯಿತು, ಇನ್ನೊಂದು ಕಡೆಯದು ಕೆಂಪಾಗಿ ಮಂಕಾಯಿತು. ನೋಡಿದ ಕೂಡಲೇ ನಾನು ಮೇನ್ ಕಡೆ ಓಡಿದೆ. ಅಷ್ಟರಲ್ಲೇ ಬೆಳ್ಳಗೆ ಉರಿದ ಕಡೆ ಇದ್ದ ಎರಡು ಆಕ್ಟಿವ್ ಬಾಕ್ಸ್ ‘ಟಪ್’ ಅಂದವು, ಸುಟ್ಟ ವಾಸನೆ. ನ್ಯೂಟ್ರಲ್ ತಪ್ಪಿದರೆ 230 ಬರಬೇಕಾದ ಕಡೆ 300 ದಾಟಿ 400ರ ಹತ್ತಿರ ಹೋಗಬಹುದು. ಯಾವ ಫೇಸ್ ಮೇಲೆ ಲೋಡ್ ಕಮ್ಮಿ ಇದೆಯೋ ಅದರ ಮೇಲಿನ ಸಾಮಾನಿಗೆ ಏಟು.

ಪ್ಯಾಸಿವ್ ಆಗಿದ್ದರೆ ಆಂಪ್‌ಗಳೆಲ್ಲ ಸ್ಟೇಜ್ ಪಕ್ಕ ಒಂದೇ ರ‍್ಯಾಕ್‌ನಲ್ಲಿ, ನನ್ನ ಕಣ್ಣೆದುರು, ಒಂದೇ ಸ್ಟೆಬಿಲೈಸರ್ ಹಿಂದೆ. ಬಾಕ್ಸ್‌ಗೆ ಹೋಗುವುದು ಸ್ಪೀಕರ್ ವೈರ್ ಮಾತ್ರ. ಮಳೆ ಹನಿ ಬಿದ್ದರೂ ಬಾಕ್ಸ್ ತನಕ ಹೋಗಿರುವುದು 230 ವೋಲ್ಟ್ ಅಲ್ಲ. ಇನ್ನು ರಿಪೇರಿ. ವೂಫರ್ ಹೋದರೆ ಊರಲ್ಲೇ ರೀಕೋನ್ (ಹೊಸ ಕೋನ್, ಕಾಯಿಲ್ ಹಾಕುವುದು) ಮಾಡುತ್ತಾರೆ, ಡಯಾಫ್ರಮ್ ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಸ್ಸಿಗೆ ಹಾಕಿಸಿಕೊಂಡರೆ ಮರುದಿನ ಕೈಗೆ. ಆಕ್ಟಿವ್ ಒಳಗಿನ ಬೋರ್ಡ್ ಹೋದರೆ ‘ಪೂರ್ತಿ ಮಾಡ್ಯೂಲ್ ಬದಲಿಸಬೇಕು ಸರ್’ ಅನ್ನುತ್ತಾರೆ. ಅದು ಬರುವಷ್ಟರಲ್ಲಿ ಗಣೇಶ ಮುಳುಗಿರುತ್ತಾನೆ.

ಬೇಸ್_ಬಾಕ್ಸ್_ಭಟ್ಟ

ಅಣ್ಣ, ನ್ಯೂಟ್ರಲ್ ಹೋದರೆ ನಿಮ್ಮ ರ‍್ಯಾಕ್ ಆಂಪ್ ಕೂಡ ಉಳಿಯುವುದಿಲ್ಲ ಅಲ್ವಾ? ಮಾಮೂಲಿ ಸ್ಟೆಬಿಲೈಸರ್ ಏಕಾಏಕಿ 350 ಬಂದರೆ ತಡೆಯುವುದಿಲ್ಲ. ತಡೆಯಬೇಕಾದ್ದು ಮೇನ್‌ನಲ್ಲೇ. ವೋಲ್ಟೇಜ್ ಹೆಚ್ಚು ಕಮ್ಮಿಯಾದರೆ ತಾನೇ ಕಟ್ ಆಗುವ ರಿಲೇ ಸಿಗುತ್ತದೆ, ಮುಂದೆ ಮೀಟರೂ ಇರುತ್ತದೆ. ನಿಮ್ಮ ಸ್ವಂತ ಡಿಸ್ಟ್ರಿಬ್ಯೂಷನ್ ಬೋರ್ಡ್‌ಗೆ ಅದನ್ನೊಂದು ಹಾಕಿಸಿ, ಪಕ್ಕದಲ್ಲಿ ಕರೆಂಟ್ ಸೋರಿದರೆ ಕಟ್ ಮಾಡುವ ಆರ್‌ಸಿಸಿಬಿ ಕೂಡ ಇರಲಿ, ಸ್ಟೇಜಿನ ಎಲ್ಲ ಪವರ್ ಅಲ್ಲಿಂದಲೇ ಹೋಗಲಿ. ಆಕ್ಟಿವ್ ಆದರೂ ಪ್ಯಾಸಿವ್ ಆದರೂ ಇದು ಬೇಕೇ ಬೇಕು. ಜನರೇಟರ್ ಇದ್ದ ಕಡೆ ಇನ್ನೂ ಬೇಕು, ಐಸ್‌ಕ್ರೀಮ್‌ನವರ ಫ್ರೀಜರ್ ಆನ್ ಆದಾಗಲೆಲ್ಲ ಅದು ಹೇಗೆ ಮುಗ್ಗರಿಸುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ರಿಪೇರಿ ಬಗ್ಗೆ ಅಣ್ಣ ಹೇಳಿದ್ದು ಮಾತ್ರ ನೂರಕ್ಕೆ ನೂರು ಒಪ್ಪುತ್ತೇನೆ.

ಪ್ಯಾಸಿವ್ ಅಗ್ಗ ಅಂತ ಕೆಲವರು ಹಾಕುವ ಲೆಕ್ಕ ನೋಡಿ ನಗು ಬರುತ್ತದೆ. ಬಾಕ್ಸ್ ಅಗ್ಗ, ನಿಜ. ಅದರ ಹಿಂದೆ ಆಂಪ್, ಕ್ರಾಸ್‌ಓವರ್ ಲಿಮಿಟರ್ ಕೆಲಸ ಮಾಡುವ ಪ್ರೊಸೆಸರ್, ರ‍್ಯಾಕ್, ಸ್ಪೀಕಾನ್ (ಲಾಕ್ ಆಗುವ ಸ್ಪೀಕರ್ ಪ್ಲಗ್) ಕೇಬಲ್ ಎಲ್ಲ ಸೇರಿಸಿ ಕೂಡಿ ನೋಡಿ. ಕೇಬಲ್ ತೆಳ್ಳಗಿದ್ದರೆ ಅದೂ ಪವರ್ ನುಂಗುತ್ತದೆ. 30 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೋಗಿ ಬರುವ ರೆಸಿಸ್ಟೆನ್ಸ್ ಸುಮಾರು 0.4 ಓಮ್. 8 ಓಮ್‌ನ ಒಂದು ಬಾಕ್ಸ್‌ಗೆ ಪರವಾಗಿಲ್ಲ. ಎರಡು ಬಾಕ್ಸ್ ಒಂದೇ ಲೈನಿಗೆ ಹಾಕಿದರೆ 4 ಓಮ್, ಆಗ ಹತ್ತಿರ ಹತ್ತಿರ 1 ಡೆಸಿಬೆಲ್ ವೈರ್‌ನಲ್ಲೇ ಹೋಯಿತು. ನಾಲ್ಕು ಹಾಕಿ 2 ಓಮ್‌ಗೆ ಇಳಿಸಿ ಆಂಪ್ ಬಿಸಿ ಮಾಡುವ ಪುಣ್ಯಾತ್ಮರೂ ಇದ್ದಾರೆ.

ಇಷ್ಟು ಹೊತ್ತಾದರೂ ಯಾರೂ ಬೇಸ್ ಬಗ್ಗೆ ಮಾತೇ ಎತ್ತಿಲ್ಲ. ಬೇಸ್ ಗಿಟಾರ್‌ನ ಕೆಳಗಿನ ತಂತಿ 41 ಹರ್ಟ್ಜ್. 12 ಇಂಚಿನ ಟಾಪ್‌ಗಳು (ಸ್ಟ್ಯಾಂಡ್ ಮೇಲಿಡುವ ಮುಖ್ಯ ಬಾಕ್ಸ್‌ಗಳು) ಅಷ್ಟು ಕೆಳಗೆ ಗಟ್ಟಿಯಾಗಿ ಕೊಡುವುದಿಲ್ಲ. ಕಿಕ್ ಡ್ರಮ್, ಬೇಸ್, ಹಾಡು ಎಲ್ಲವನ್ನೂ ಎರಡು ಟಾಪ್‌ಗೆ ತುರುಕಿದರೆ ಕಿಕ್ ಬಿದ್ದಾಗಲೆಲ್ಲ ಲಿಮಿಟರ್ ಒತ್ತಿ ಗಾಯಕರ ದನಿ ಮುಳುಗೇಳುತ್ತದೆ. ಎರಡು ಆಕ್ಟಿವ್ ಟಾಪ್, ಬರೀ ಬೇಸ್‌ಗೆಂದೇ ಒಂದು 18 ಇಂಚಿನ ಆಕ್ಟಿವ್ ಸಬ್, 100 ಹರ್ಟ್ಜ್ ಹತ್ತಿರ ಭಾಗ ಮಾಡಿ, ಅದರ ಕೆಳಗಿನದು ಸಬ್‌ಗೆ, ಮೇಲಿನದು ಟಾಪ್‌ಗೆ. ನಿಮ್ಮ ಬಜೆಟ್‌ಗೆ ಇದು ಸಾಕು. ದೊಡ್ಡ ಬಯಲಿನ ಪ್ರೋಗ್ರಾಂಗೆ ಬಾಡಿಗೆಗೇ ತನ್ನಿ, ಆ ದಿನ ನಿಮ್ಮ ಟಾಪ್‌ಗಳನ್ನು ಮಾನಿಟರ್ ಮಾಡಿಕೊಳ್ಳಿ, ಅಂದರೆ ಹಾಡುವವರಿಗೇ ಕೇಳಿಸಲು ಅವರ ಕಡೆ ತಿರುಗಿಸಿಡಿ. ಗಾಯಕಿಯ ಸಿಟ್ಟಿಗೂ ಅದೇ ಔಷಧ.

ರಿದಂಪ್ಯಾಡ್_ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಬಯಲಿಗೆ ಬಾಡಿಗೆ, ಛತ್ರಕ್ಕೆ ಸ್ವಂತ ಅನ್ನುವುದು ನಮ್ಮ ತಲೆಗೇ ಹೊಳೆದಿರಲಿಲ್ಲ. ಹುಡುಗರಿಗೂ ಒಪ್ಪಿಗೆ. ಇನ್ನೊಂದು ಅನುಮಾನ. ಆಕ್ಟಿವ್ ಬಾಕ್ಸ್‌ನಲ್ಲಿ ‘ಗುಂಯ್’ ಅಂತ ಸದ್ದು ಬರುತ್ತದೆ, ಪ್ಲಗ್‌ನ ದಪ್ಪ ಪಿನ್ ತೆಗೆದರೆ ಹೋಗುತ್ತದೆ ಅಂತ ಕೀಬೋರ್ಡ್‌ನವರು ಹೇಳಿದರು. ಹೌದಾ? ಖರೀದಿಗೆ ಹೋದಾಗ ಏನೇನು ನೋಡಬೇಕು?

ಲೈಟು_ಸೌಂಡು

ದಪ್ಪ ಪಿನ್ ಮುಟ್ಟಲೇಬೇಡಿ ಮಾರಾಯ್ರೇ. ಅದು ಅರ್ತ್. ಅದನ್ನು ತೆಗೆದ ದಿನ ಗಿಟಾರ್ ಹಿಡಿದವನು ತುಟಿ ಮೈಕಿಗೆ ತಾಗಿಸಿದರೆ ಶಾಕ್ ಹೊಡೆಯಬಹುದು, ಅದೃಷ್ಟ ಕೆಟ್ಟರೆ ಜೀವವೇ ಹೋಗಬಹುದು. ಗುಂಯ್ ಬರುವುದು ಮಿಕ್ಸರ್ ಒಂದು ಕಡೆಯ ಕರೆಂಟ್‌ನಲ್ಲಿ, ಬಾಕ್ಸ್ ಇನ್ನೊಂದು ಕಡೆಯದರಲ್ಲಿ ಇದ್ದಾಗ. ಭಟ್ಟರು ಹೇಳಿದ ಬೋರ್ಡ್‌ನಿಂದಲೇ ಎರಡಕ್ಕೂ ಎಳೆಯಿರಿ, ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ (ಮೈಕಿಗೆ ಬರುವ ಮೂರು ಪಿನ್ನಿನದು) ಬಳಸಿ. ಕೀಬೋರ್ಡ್, ಲ್ಯಾಪ್‌ಟಾಪ್‌ಗೆ ಡಿಐ ಬಾಕ್ಸ್ (ಸಿಗ್ನಲ್ ಅನ್ನು ಬ್ಯಾಲೆನ್ಸ್ಡ್ ಮಾಡಿ ಮಿಕ್ಸರ್‌ಗೆ ಕೊಡುವ ಚಿಕ್ಕ ಡಬ್ಬ) ಹಾಕಿ ಅದರ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ, ಅದು ಬಿಡಿಸುವುದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ, ಪ್ಲಗ್‌ನ ಅರ್ತ್ ಅಲ್ಲ. ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ.

ಅಂಗಡಿಗೆ ಗಾಯಕಿಯನ್ನೂ ನಿಮ್ಮ ಮೈಕನ್ನೂ ಕರೆದುಕೊಂಡು ಹೋಗಿ. ಮೊಬೈಲ್‌ನಿಂದ ಹಾಡು ಹಾಕಿ ತೋರಿಸಿದರೆ ಎಲ್ಲ ಡಬ್ಬವೂ ಚೆನ್ನಾಗೇ ಕೇಳಿಸುತ್ತದೆ. ಸರ್ವಿಸ್ ಬೆಂಗಳೂರಲ್ಲಿ ಇದೆಯಾ, ಆಂಪ್ ಮಾಡ್ಯೂಲ್ ಬಿಡಿಯಾಗಿ ಸಿಗುತ್ತದಾ, ಇವೆರಡನ್ನೂ ಬಿಲ್ ಹಾಕಿಸುವ ಮೊದಲೇ ಕೇಳಿ. ಬಾಕ್ಸ್ ಹಿಂದಿನ ಪವರ್ ಸಾಕೆಟ್ ನೋಡಿ. ತಿರುಗಿಸಿ ಲಾಕ್ ಮಾಡುವ ಪವರ್‌ಕಾನ್ ಇದ್ದರೆ ಒಳ್ಳೇದು. ಕಂಪ್ಯೂಟರ್‌ಗೆ ಬರುವಂಥ ಮಾಮೂಲಿ ಕೇಬಲ್ ಆದರೆ ಬೇಸ್ ಹೊಡೆತಕ್ಕೆ ಮೆಲ್ಲಗೆ ಸಡಿಲವಾಗಿ ಹಾಡಿನ ಮಧ್ಯೆ ಕಳಚಿಕೊಳ್ಳುತ್ತದೆ. ಅದನ್ನು ಹಿಡಿಕೆಗೆ ಒಂದು ಸುತ್ತು ಸುತ್ತಿ ಕಟ್ಟಿಬಿಡಿ.