ಸಂಬಳ ಬಿಟ್ಟು ಗಂಟೆ ಲೆಕ್ಕದ ಕಾಂಟ್ರಾಕ್ಟ್‌ಗೆ ಹೋಗುವಾಗ ದರ ಕಟ್ಟೋದು ಹೇಗೆ?

ಲೂಪ್‌ಬ್ಯಾಕ್

ಸಾಫ್ಟ್‌ವೇರ್‌ನಲ್ಲಿ ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಕೆಲಸ, ಈಗ ತಿಂಗಳ ಸಂಬಳ. ಇದೇ ಥರದ ಕೆಲಸಕ್ಕೆ ಗಂಟೆ ಲೆಕ್ಕದ ಕಾಂಟ್ರಾಕ್ಟ್ ಒಂದು ಬಂದಿದೆ. ವರ್ಷದ ಸಂಬಳವನ್ನು 2080 ಗಂಟೆಗೆ (52 ವಾರ, ವಾರಕ್ಕೆ 40) ಭಾಗಿಸಿದರೆ ಬರೋದಕ್ಕಿಂತ ಅವರ ದರ ಶೇ. 40 ಜಾಸ್ತಿ ಇದೆ. ಒಪ್ಪಬಹುದಾ? ಇನ್ನೊಂದು ವಿಷಯ: ಕೋಡ್ ಬರೆಯದೆ ಯೋಚನೆ ಮಾಡಿದ ಹೊತ್ತು, ಮೀಟಿಂಗು, ರಿವ್ಯೂ, ಇವನ್ನೆಲ್ಲ ಬಿಲ್‌ಗೆ ಹಾಕೋದಾ, ಬಿಡೋದಾ?

ಸ್ಟ್ಯಾಕ್‌ಟ್ರೇಸ್

ಈ ದರಕ್ಕೆ ಒಪ್ಪಬೇಡಿ. 2080ರಿಂದ ಭಾಗಿಸಿದ್ದೇ ತಪ್ಪು. ಸಂಬಳದಲ್ಲಿ ರಜೆಗೂ ದುಡ್ಡು ಬರುತ್ತೆ, ಕಾಂಟ್ರಾಕ್ಟ್‌ನಲ್ಲಿ ಬರಲ್ಲ. ರಜೆ, ಹಬ್ಬ, ಜ್ವರ ಅಂತ 6 ವಾರ ತೆಗೆದರೆ 46 × 40 = 1840 ಗಂಟೆ. ಅದರಲ್ಲೂ ಹೊಸ ಕೆಲಸ ಹುಡುಕೋದು, ಕೊಟೇಶನ್, ಇನ್‌ವಾಯ್ಸ್, ಬಾಕಿ ವಸೂಲಿ, ಎರಡು ಕೆಲಸದ ನಡುವಿನ ಖಾಲಿ ವಾರಗಳು ಇದ್ದೇ ಇರುತ್ತವೆ. ಶೇ. 65 ಬಿಲ್ ಆಯ್ತು ಅಂದರೆ ಸುಮಾರು 1200 ಗಂಟೆ.

ಈಗಿನ ಸಂಬಳ 100 ಪಾಲು ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುತ್ತಿದ್ದ ವಿಮೆ, ನಿವೃತ್ತಿ ನಿಧಿ, ಜೊತೆಗೆ ಲ್ಯಾಪ್‌ಟಾಪ್, ಲೈಸೆನ್ಸ್, ಲೆಕ್ಕಪತ್ರದ ಫೀಸು ಎಲ್ಲ ಇನ್ನು ನಿಮ್ಮ ತಲೆ ಮೇಲೆ. ಅದಕ್ಕೆ 20 ಪಾಲು ಇಡಿ. 120 ÷ 1200 = 0.1. ನೀವು ಹಾಕಿದ ಲೆಕ್ಕದಲ್ಲಿ 100 ÷ 2080 = 0.048. ಅಂದರೆ ಈಗಿನ ಮಟ್ಟದಲ್ಲಿ ನಿಲ್ಲೋದಕ್ಕೇ ಹೆಚ್ಚುಕಡಿಮೆ ಎರಡು ಪಟ್ಟು ದರ ಬೇಕು. ಅವರು ಹೇಳಿದ ದರಕ್ಕೆ 1200 ಗಂಟೆ ದುಡಿದರೆ ಬರೋದು 81 ಪಾಲು, ಖರ್ಚು ಕಳೆದರೆ ಕೈಗೆ 61.

ಹಳೆಬ್ರಾಂಚ್

ಮೇಲಿನ ಲೆಕ್ಕ ಸರಿ, ಆದರೆ ಶೇ. 65 ಅನ್ನೋದು ಚಿಕ್ಕ ಚಿಕ್ಕ ಕೆಲಸ ಹಿಡಿಯೋರಿಗೆ ಹೊಂದುತ್ತೆ. ಒಂದೇ ಕಡೆ, ವರ್ಷಪೂರ್ತಿ, ವಾರಕ್ಕೆ 40 ಗಂಟೆ ಅಂತ ಬರೆದುಕೊಟ್ಟರೆ ಶೇ. 90 ಹಿಡಿಯಬಹುದು. ಆಗ 1656 ಗಂಟೆ, ದರ ಒಂದೂವರೆ ಪಟ್ಟು. ಆಗಲೂ ಶೇ. 40 ಸಾಲಲ್ಲ, ನೋಡಿ. ಜೊತೆಗೆ ನೋಟಿಸ್ ಅವಧಿಯ ಸಾಲನ್ನು ಎರಡು ಸಲ ಓದಿ. 15 ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು ಅಂತಿದ್ದರೆ ಅದು ವರ್ಷದ ಕೆಲಸ ಅಲ್ಲ, 15 ದಿನದ ಕೆಲಸ. ದರವನ್ನೂ ಹಾಗೇ ಕಟ್ಟಿ.

ಕಮಿಟ್‌ಲಾಗ್

ಎರಡನೇ ಪ್ರಶ್ನೆಗೆ: ಆ ಪ್ರಾಜೆಕ್ಟ್‌ಗೋಸ್ಕರ ತಲೆ ಓಡಿಸಿದ ಹೊತ್ತೆಲ್ಲ ಬಿಲ್‌ಗೆ ಹೋಗಬೇಕು. ಬೇರೆಯವರ ಕೋಡ್ ಓದೋದು, ಡಿಬಗ್, ಡಿಸೈನ್, ರಿವ್ಯೂ, ಮೀಟಿಂಗ್, ಡಿಪ್ಲಾಯ್, ಯಾವುದನ್ನೂ ಬಿಡಬೇಡಿ. ನಿಮ್ಮ ಸ್ವಂತಕ್ಕೆ ಹೊಸ ಭಾಷೆ ಕಲಿತದ್ದು ಮಾತ್ರ ಹಾಕಬೇಡಿ.

ಜಗಳ ಹುಟ್ಟೋದು ಗಂಟೆಯ ಬಗ್ಗೆ ಅಲ್ಲ, ಟೈಮ್‌ಶೀಟ್‌ನಲ್ಲಿ ಬರೆದ ಸಾಲಿನ ಬಗ್ಗೆ. “ಬಗ್ ಫಿಕ್ಸ್, 2 ಗಂಟೆ” ಅಂತ ಬರೆದರೆ ಯಾರಾದರೂ ಪ್ರಶ್ನೆ ಮಾಡ್ತಾರೆ. ಹೀಗೆ ಬರೆಯಿರಿ: “ಟಿಕೆಟ್ 418, 2.25 ಗಂಟೆ. ಪೇಮೆಂಟ್ ಕಾಲ್‌ಬ್ಯಾಕ್ ಎರಡು ಸಲ ಬಂದಾಗ ಆರ್ಡರ್ ಡಬಲ್ ಆಗೋದರ ಕಾರಣ ಪತ್ತೆ. ಟ್ರಾನ್ಸಾಕ್ಷನ್ ಐಡಿ ಮೇಲೆ ಯುನೀಕ್ ಇಂಡೆಕ್ಸ್ ಹಾಕಿ, ಟೆಸ್ಟ್ ಸೇರಿಸಿದೆ.” ಇದನ್ನು ಓದಿದವರಿಗೆ ಕೇಳೋಕೆ ಏನೂ ಉಳಿಯಲ್ಲ.

15 ನಿಮಿಷದ ಲೆಕ್ಕದಲ್ಲಿ, ಕೆಲಸ ಬದಲಾಯಿಸಿದ ಕೂಡಲೇ ಬರೆದಿಡಿ. ಶುಕ್ರವಾರ ಸಂಜೆ ಕೂತು ವಾರವನ್ನೆಲ್ಲ ನೆನಪಿಸಿಕೊಂಡು ತುಂಬಿದರೆ ಸಣ್ಣವೇ ಮೊದಲು ಮಾಯ: ಪ್ರೊಡಕ್ಷನ್ ಲಾಗ್ ನೋಡಿದ್ದು, ಯಾರದೋ ರಿವ್ಯೂ, ಚಾಟ್‌ನಲ್ಲಿ ಕೊಟ್ಟ ಉತ್ತರ. ಕಮಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡೋ ಗಿಟ್‌ನಲ್ಲಿ ಉಳಿಸಿದ ಒಂದೊಂದು ಬದಲಾವಣೆ) ಸಣ್ಣದಾಗಿದ್ದು ಅದರ ಮೆಸೇಜ್‌ನಲ್ಲಿ ಟಿಕೆಟ್ ನಂಬರ್ ಇದ್ದರೆ ಮರೆತದ್ದನ್ನು ಗಿಟ್ ಲಾಗ್ ನೋಡಿ ಹಿಡಿಯಬಹುದು. ಸಣ್ಣ ಕಮಿಟ್‌ನಿಂದ ಇನ್ನೊಂದು ಲಾಭ: ಸುಮಾರು ಸಾವಿರ ಕಮಿಟ್‌ಗಳ ನಡುವೆ ಏನೋ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹುಡುಕಿ ಸುಮಾರು ಹತ್ತು ಹೆಜ್ಜೆಯಲ್ಲಿ ಜಾಗ ತೋರಿಸುತ್ತೆ. ಆದರೆ ತೋರಿಸಿದ ಕಮಿಟ್‌ನಲ್ಲೇ 2000 ಸಾಲು ಇದ್ದರೆ ಏನು ಪ್ರಯೋಜನ?

ಸ್ಟ್ಯಾಕ್‌ಟ್ರೇಸ್

ಗಂಟೆ ದರ ಏರಿಸಿ ಅಂದಾಗ “ಹಾಗಾದರೆ ಒಟ್ಟು ಮೊತ್ತಕ್ಕೆ ಮಾಡಿಕೊಡಿ” ಅನ್ನಬಹುದು, ಅದಕ್ಕೂ ತಯಾರಿರಿ. ಒಂದೇ ಅಂದಾಜು ಕೊಡಬೇಡಿ, ಮೂರು ಹಾಕಿ: ಎಲ್ಲ ಸಲೀಸಾದರೆ 2 ದಿನ, ಸಾಮಾನ್ಯಕ್ಕೆ 4, ಕೆಟ್ಟರೆ 12. ಸಾಮಾನ್ಯದ್ದನ್ನು ನಾಲ್ಕು ಪಟ್ಟು ಮಾಡಿ, ಉಳಿದೆರಡನ್ನು ಕೂಡಿಸಿ, 6ರಿಂದ ಭಾಗಿಸಿ: (2 + 4×4 + 12) ÷ 6 = 5 ದಿನ. 1958ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಪೋಲಾರಿಸ್ ಯೋಜನೆಗೆ ಮಾಡಿದ ಪರ್ಟ್ ವಿಧಾನ ಇದು, ಇವತ್ತಿಗೂ ನಡೆಯುತ್ತೆ. ‘ಕೆಟ್ಟರೆ’ ಅನ್ನೋ ಸಂಖ್ಯೆ ತೀರಾ ದೊಡ್ಡದಾಗಿ ಬಂದರೆ ಆ ಕೆಲಸ ನಿಮಗಿನ್ನೂ ಅರ್ಥ ಆಗಿಲ್ಲ ಅಂತ. ಅಂಥದ್ದಕ್ಕೆ ಮೊದಲು ಅರ್ಧ ದಿನದ ಪರಿಶೀಲನೆಯನ್ನು ಗಂಟೆ ಲೆಕ್ಕದಲ್ಲೇ ಬಿಲ್ ಮಾಡಿ, ಆಮೇಲೆ ಮೊತ್ತ ಹೇಳಿ.

ಒಟ್ಟು ಮೊತ್ತವನ್ನು ಶೇ. 30-40-30ರ ಮೂರು ಕಂತಾಗಿ ಇಟ್ಟರೆ ಸಿಕ್ಕಿಹಾಕಿಕೊಳ್ಳೋದು ಕೊನೆಯ 30. “ಗ್ರಾಹಕರಿಗೆ ತೃಪ್ತಿಯಾದ ಮೇಲೆ” ಅಂತ ಇರಬಾರದು. “ಪಟ್ಟಿಯಲ್ಲಿರುವ ಟೆಸ್ಟ್‌ಗಳು ಸ್ಟೇಜಿಂಗ್‌ನಲ್ಲಿ ಪಾಸಾದ 10 ದಿನದೊಳಗೆ” ಅಂತಿರಲಿ (ಸ್ಟೇಜಿಂಗ್ ಅಂದರೆ ಬಿಡುಗಡೆಗೆ ಮೊದಲು ಪರೀಕ್ಷೆ ಮಾಡೋ ಸರ್ವರ್).

ಲೂಪ್‌ಬ್ಯಾಕ್

ತುಂಬಾ ಉಪಕಾರ ಆಯ್ತು. ತಿಂಗಳಿಗೊಂದು ವಾರಾಂತ್ಯ ಆನ್-ಕಾಲ್ (ತೊಂದರೆ ಬಂದು ಫೋನ್ ಮಾಡಿದರೆ ತಕ್ಷಣ ಸಿಗೋದು) ಇರಬೇಕು ಅಂತಲೂ ಕೇಳ್ತಿದ್ದಾರೆ. ಅದು ಇದೇ ದರದಲ್ಲೇ ಬರುತ್ತಾ?

ಹಳೆಬ್ರಾಂಚ್

ಬೇಡ, ಬೇರೆಯಾಗಿ ಬರೆಸಿ. ಫೋನ್ ಬರಲಿ ಬಿಡಲಿ, ಕಾಯೋದಕ್ಕೆ ಒಂದು ನಿಗದಿ ಮೊತ್ತ. ಫೋನ್ ಬಂದರೆ ಗಂಟೆ ದರ, ಕನಿಷ್ಠ 1 ಗಂಟೆ. ಈ ಕನಿಷ್ಠ ಇಲ್ಲದಿದ್ದರೆ ರಾತ್ರಿ 3ಕ್ಕೆ ಎದ್ದು ಸರ್ವರ್ ರೀಸ್ಟಾರ್ಟ್ ಮಾಡಿದ್ದಕ್ಕೆ ಬಿಲ್‌ನಲ್ಲಿ 15 ನಿಮಿಷ ಕಾಣುತ್ತೆ. ಎಷ್ಟು ನಿಮಿಷದೊಳಗೆ ಉತ್ತರಿಸಬೇಕು ಅನ್ನೋದೂ ಕಾಗದದಲ್ಲಿರಲಿ. 15 ನಿಮಿಷ ಅಂದರೆ ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ, ಹಾಗಾಗಿ ಕಾಯುವ ಮೊತ್ತ 60 ನಿಮಿಷದ್ದಕ್ಕಿಂತ ಜಾಸ್ತಿ ಇರಬೇಕು.