ರೆಸಿಪ್ರಾಸಿಟಿಗೆ ‘ಮುಯ್ಯಿ’ ಅನ್ನಬಹುದೇ?

ಗೆಳೆಯರೇ,

ದೇಶ ದೇಶಗಳ ನಡುವಿನ ಕಾನೂನಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೆಸಿಪ್ರಾಸಿಟಿ’ (ಅವರು ನಮಗೆ ಮಾಡಿದ ಹಾಗೇ ನಾವು ಅವರಿಗೆ ಮಾಡುವುದು) ಹತ್ತಿರ ಗಾಡಿ ನಿಂತಿದೆ. ನಿಘಂಟಿನ ‘ಪರಸ್ಪರತೆ’ ತಪ್ಪಲ್ಲ, ಆದರೆ ಅದರಲ್ಲಿ ಲೆಕ್ಕದ ವಾಸನೆಯೇ ಇಲ್ಲ. ಸುದ್ದಿಯವರ ‘ತಿರುಗೇಟು’ ಇನ್ನೊಂದು ತುದಿ. ಅದು ಬರೀ ಹೊಡೆತ.

ನನಗೆ ಹೊಳೆದದ್ದು ‘ಮುಯ್ಯಿ’. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಡುತ್ತೇವೆ. ಅವರ ಮನೆ ಮದುವೆ ಬಂದಾಗ ಆ ಪುಸ್ತಕ ಹುಡುಕುತ್ತೇವೆ. ನಾಟಿ ಕಾಲಕ್ಕೆ ಮುಯ್ಯಾಳು: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದೇ ಪದ ‘ಮುಯ್ಯಿಗೆ ಮುಯ್ಯಿ’ ಅಂದಾಗ ಸೇಡಾಗುತ್ತದೆ.

ರಾಯಭಾರ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 47ನೇ ವಿಧಿಯೂ ಹೀಗೇ ಎರಡು ಮುಖದ್ದು. ಯಾವ ದೇಶಕ್ಕೂ ಭೇದ ಮಾಡಬೇಡಿ ಅನ್ನುತ್ತದೆ ಮೊದಲು. ಆಮೇಲೆ, ಅವರು ನಿಮ್ಮ ರಾಯಭಾರ ಕಚೇರಿಗೆ ಒಂದು ನಿಯಮವನ್ನು ಬಿಗಿ ಮಾಡಿದ್ದಕ್ಕೆ ನೀವೂ ಅದೇ ನಿಯಮ ಬಿಗಿ ಮಾಡಿದರೆ ಅದು ಭೇದವಲ್ಲ ಅನ್ನುತ್ತದೆ. ಇಬ್ಬರೂ ಒಪ್ಪಿ ಜಾಸ್ತಿ ಸವಲತ್ತು ಕೊಟ್ಟುಕೊಂಡರೂ ಭೇದವಲ್ಲ. ಮುಯ್ಯಿ ಪುಸ್ತಕವೇ, ಅಲ್ವಾ?

ಇಷ್ಟರವರೆಗೆ ಖುಷಿಯಾಗಿದ್ದೆ. ಎಡವಿದ್ದು 2023ರ ಭಾರತ–ಕೆನಡಾ ಜಗಳದ ಹತ್ತಿರ. ನಮ್ಮಲ್ಲಿ ಕೆನಡಾದ ರಾಜತಾಂತ್ರಿಕರು ಜಾಸ್ತಿ ಇದ್ದಾರೆ, ಸಂಖ್ಯೆ ಸಮ ಆಗಬೇಕು ಅಂತ ಭಾರತ ಪಟ್ಟು ಹಿಡಿಯಿತು. ಅಕ್ಟೋಬರ್‌ನಲ್ಲಿ ಕೆನಡಾ 41 ಮಂದಿಯನ್ನು ವಾಪಸ್ ಕರೆಸಿಕೊಂಡಿತು. ಅಲ್ಲಿನ ಆಗಿನ ವಿದೇಶಾಂಗ ಸಚಿವೆ ಮೆಲನಿ ಜೋಲಿ, ಈ ರಾಜತಾಂತ್ರಿಕರಿಗಿರುವ ಕಾನೂನು ರಕ್ಷಣೆಯನ್ನು ಭಾರತ ಏಕಪಕ್ಷೀಯವಾಗಿ ತೆಗೆಯಲು ಹೊರಟದ್ದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ, ನಾವು ಹಾಗೆ ‘ರೆಸಿಪ್ರೊಕೇಟ್’ ಮಾಡುವುದಿಲ್ಲ ಅಂದರು. ಭಾರತ ಹೇಳಿದ್ದು ಬೇರೆ: ಇದು ‘ಪ್ಯಾರಿಟಿ’ (ಎರಡೂ ಕಡೆ ಸಮ ಸಂಖ್ಯೆ), ಕಚೇರಿಯ ಗಾತ್ರಕ್ಕೆ ಮಿತಿ ಹಾಕಲು ಅದೇ ಒಪ್ಪಂದದ 11.1ನೇ ವಿಧಿಯಲ್ಲಿ ಅವಕಾಶವಿದೆ.

ಈಗ ಜೋಲಿ ಬಾಯಲ್ಲಿ ‘ನಾವು ಮುಯ್ಯಿ ತೀರಿಸುವುದಿಲ್ಲ’ ಅಂತ ಹಾಕಿದರೆ ಸೊಗಸಾಗಿ ಕೂರುತ್ತದೆ. ಆದರೆ ತೀರಿಸಬೇಕಾದ ಮುಯ್ಯಿ ಒಂದಿದೆ ಅನ್ನುವ ಮಾತೂ ಸುಮ್ನೆ ಒಳಗೆ ನುಸುಳುತ್ತದೆ. ಭಾರತ ಅದನ್ನು ಒಪ್ಪುವುದಿಲ್ಲ. ತಲೆ ಎಣಿಸಿ ಸರಿ ಮಾಡಿದ್ದೇವೆ, ಅಷ್ಟೇ ಅನ್ನುತ್ತದೆ. ಹಾಗಾಗಿ ಭಾರತದ ಮಾತಿಗೆ ‘ಸರಿಸಮ’ ಅಂತ ಬೇರೆ ಪದ ಇಟ್ಟಿದ್ದೇನೆ. ಒಂದೇ ಪ್ಯಾರಾದಲ್ಲಿ ಎರಡನ್ನೂ ‘ಪರಸ್ಪರ’ ಅಂತ ತೇಲಿಸಿದರೆ ಜಗಳವೇ ಮಾಯವಾಗುತ್ತದೆ!

ಇನ್ನೊಂದು ಚಿಕ್ಕ ತೊಡಕು ‘ಲೆಜಿಟಿಮೇಟ್’. 1999ರಲ್ಲಿ ನೇಟೊ ಮಿಲಿಟರಿ ಕೂಟ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ, ಕೊಸೊವೊ ಪ್ರಾಂತ್ಯದ ಸಂಘರ್ಷದ ಕಾರಣಕ್ಕೆ ಯುಗೊಸ್ಲಾವಿಯಾ ಮೇಲೆ ಬಾಂಬ್ ಹಾಕಿತು. ಮರುವರ್ಷ ಕೊಸೊವೊ ಕುರಿತ ಸ್ವತಂತ್ರ ಆಯೋಗವೊಂದು, ಆ ದಾಳಿ ‘ಇಲ್ಲೀಗಲ್, ಆದರೆ ಲೆಜಿಟಿಮೇಟ್’ ಅಂದಿತು. ‘ನ್ಯಾಯಸಮ್ಮತ’ ಅಂದರೆ ಕನ್ನಡದ ಕಿವಿಗೆ ಕೋರ್ಟೇ ಒಪ್ಪಿದ ಹಾಗೆ ಕೇಳುತ್ತದೆ. ‘ಕಾನೂನಿಗೆ ಹೊರತು, ಆದರೆ ಸಮರ್ಥನೀಯ’ ಅಂತ ಬರೆದಿದ್ದೇನೆ. ‘ಸಮರ್ಥನೀಯ’ ಸ್ವಲ್ಪ ಸಪ್ಪೆ ಅನ್ನಿಸುತ್ತಿದೆ.

ವಕೀಲರು ಯಾರಾದರೂ ಇದ್ದರೆ ಹೇಳಿ: ‘ಮುಯ್ಯಿ ನಿಯಮ’ ಅಂತ ಓದಿದರೆ ನಗು ಬರುತ್ತದೆಯೇ? ನಿಮ್ಮೂರಿನ ಕಡೆ ಮುಯ್ಯಿಗೆ ಸೇಡಿನ ಅರ್ಥವೇ ಮುಂದಾಗಿದೆಯೋ, ಮದುವೆಯ ಅರ್ಥವೋ ಅದನ್ನೂ ತಿಳಿಸಿ.